ಒಂದೇ ರೆಕಾರ್ಡಿನ ಎರಡು ‘ನಾನಲ್ಲ’

ಹೋದ ತಿಂಗಳು ಬೆಂಗಳೂರಿನಲ್ಲಿ, ನಮ್ಮ ಬಡಾವಣೆಯ ಸಣ್ಣ ಹಾಲ್‌ನಲ್ಲಿ, ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಯಾರೂ ರೆಕಾರ್ಡ್ ಮಾಡಿಕೊಂಡಿರಲಿಲ್ಲ. ಕೈಯಲ್ಲಿದ್ದ ಚೀಟಿಗಳನ್ನೂ ನೆನಪನ್ನೂ ಸೇರಿಸಿ ಬರೆದಿದ್ದೇನೆ. ಅಲ್ಲಿ ಹಾಡು ಹಾಕಿ ಕೇಳಿಸಿದ್ದೆ, ಇಲ್ಲಿ ಅದಾಗುವುದಿಲ್ಲ, ನೀವೇ ಹುಡುಕಿ ಕೇಳಿಕೊಳ್ಳಬೇಕು.

ಬಂದವರಲ್ಲಿ ಅರ್ಧ ಜನಕ್ಕೆ ರಾಕ್ ಅಂದರೆ ಏನೂ ಗೊತ್ತಿರಲಿಲ್ಲ, ಸುಮ್ನೆ ಕಾಫಿ ಇರುತ್ತೆ ಅಂತ ಬಂದಿದ್ದರು. ಹಾಗಾಗಿ ಮಾತು ಶುರು ಮಾಡುವ ಮೊದಲೇ ಒಂದು ಹಾಡಿನ ಮೊದಲ ಹತ್ತು ಸೆಕೆಂಡ್ ಹಾಕಿದೆ. ಡ್ರಮ್ಮಿನ ಬಡಿತ, ಅದರ ಮೇಲೆ ಗಿಟಾರ್. ನಿಲ್ಲಿಸಿ ಕೇಳಿದೆ: ಕಣ್ಣ ಮುಂದೆ ಏನು ಬಂತು? ಹಿಂದಿನ ಸಾಲಿನಿಂದ ಐದಾರು ಜನ ಒಟ್ಟಿಗೇ ಅಂದರು, ‘ಹೆಲಿಕಾಪ್ಟರ್!’

ಅದೇ ಉತ್ತರ ಬರುತ್ತೆ ಅಂತ ನನಗೂ ಗೊತ್ತಿತ್ತು. 1994ರಲ್ಲಿ ಬಂದ ಫಾರೆಸ್ಟ್ ಗಂಪ್ ಸಿನಿಮಾದಲ್ಲಿ ನಾಯಕ ಅಮೆರಿಕದ ಸೈನಿಕನಾಗಿ ವಿಯೆಟ್ನಾಂ ಯುದ್ಧಕ್ಕೆ ಬಂದಿಳಿಯುವಾಗ ಈ ಹಾಡೇ ಬರುತ್ತೆ. ಅಲ್ಲಿಂದೀಚೆಗೆ ವಿಯೆಟ್ನಾಂ ಅಂದರೆ ಹೆಲಿಕಾಪ್ಟರ್, ಹೆಲಿಕಾಪ್ಟರ್ ಅಂದರೆ ಈ ಗಿಟಾರ್ ಅನ್ನೋ ಹಾಗೆ ಆಗಿಹೋಗಿದೆ. ಹಾಡಿನ ಹೆಸರು ಫಾರ್ಚುನೇಟ್ ಸನ್, ಉಳ್ಳವರ ಮನೆಯ ಮಗ ಅಂತಿಟ್ಟುಕೊಳ್ಳಿ. ಹಾಡಿದ್ದು ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್, ಚಿಕ್ಕದಾಗಿ ಸಿಸಿಆರ್, ಅನ್ನೋ ಬ್ಯಾಂಡ್. ಈ ಹಾಡಿರುವ ಆಲ್ಬಮ್ಮಿನ ಹೆಸರು ವಿಲ್ಲಿ ಅಂಡ್ ದ ಪೂರ್ ಬಾಯ್ಸ್. ಬಂದಿದ್ದು 1969ರ ಅಕ್ಟೋಬರ್ ಮುಗಿದು ನವೆಂಬರ್ ಶುರುವಾಗುವ ಹೊತ್ತಿಗೆ.

ಆ ಆಲ್ಬಮ್ಮಿನಲ್ಲಿ ಹತ್ತು ಟ್ರ್ಯಾಕ್ ಇವೆ. ಎಲ್ಲೂ ವಿಯೆಟ್ನಾಂ ಅನ್ನೋ ಪದ ಇಲ್ಲ. ಕಾಡಿಲ್ಲ, ಬಾಂಬಿಲ್ಲ, ಹೆಲಿಕಾಪ್ಟರಂತೂ ಇಲ್ಲವೇ ಇಲ್ಲ. ಯುದ್ಧ ಅನ್ನೋ ಮಾತು ಒಂದು ಕಡೆ ಬಂದು ಹೋಗುತ್ತೆ, ಅಷ್ಟೇ. ಆದರೂ ಆ ಯುದ್ಧದ ಬಗ್ಗೆ ನಾನು ಕೇಳಿರುವ ರೆಕಾರ್ಡುಗಳಲ್ಲಿ ಇದರಷ್ಟು ಗುರಿಯಿಟ್ಟು ಹೊಡೆದದ್ದು ಇನ್ನೊಂದಿಲ್ಲ. ಯಾಕೆ ಅಂತ ಹೇಳೋಕೆ ಸ್ವಲ್ಪ ಸುತ್ತಿ ಬರಬೇಕು.

ಬ್ಯಾಂಡಿನವರು ನಾಲ್ಕು ಜನ. ಜಾನ್ ಫೋಗರ್ಟಿ ಹಾಡುವವನು, ಬರೆಯುವವನು, ಗಿಟಾರ್ ನುಡಿಸುವವನು, ಜೊತೆಗೆ ಎಲ್ಲರಿಗೂ ಹೀಗೇ ನುಡಿಸಿ ಅಂತ ಹೇಳುವವನು. (ಏಕವಚನಕ್ಕೆ ಬೇಜಾರಾಗಬೇಡಿ, ಹಾಡುಗಾರರನ್ನು ನಾವು ಕರೆಯೋದೇ ಹಾಗೆ.) ಅವನ ಅಣ್ಣ ಟಾಮ್ ಇನ್ನೊಂದು ಗಿಟಾರ್, ಸ್ಟೂ ಕುಕ್ ಬೇಸ್, ಡಗ್ ಕ್ಲಿಫರ್ಡ್ ಡ್ರಮ್ಸ್. ಎಲ್ಲರೂ ಕ್ಯಾಲಿಫೋರ್ನಿಯಾದ ಎಲ್ ಸೆರಿಟೊ ಊರಿನವರು, ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡ. ಜಾನ್, ಸ್ಟೂ, ಡಗ್ ಮೂವರೂ ಸ್ಕೂಲಿನಿಂದ ಜೊತೆಗಾರರು. ಹಾಡು ಕೇಳಿದರೆ ದಕ್ಷಿಣದ ಲೂಸಿಯಾನಾದ ಜೌಗು ನೆಲದಲ್ಲಿ ಹುಟ್ಟಿ ಬೆಳೆದವರು ಅನ್ನಿಸುತ್ತೆ. ಅದೆಲ್ಲ ಕಲ್ಪನೆ, ರೇಡಿಯೋ ಕೇಳಿ ಕಲಿತದ್ದು.

1969ರಲ್ಲಿ ಇವರು ಮೂರು ಆಲ್ಬಮ್ ತಂದರು. ಒಂದೇ ವರ್ಷದಲ್ಲಿ! ಜನವರಿಯಲ್ಲಿ ಒಂದು, ಆಗಸ್ಟಿನಲ್ಲಿ ಒಂದು, ಮೂರನೆಯದು ಇದು. ಈಗಿನ ಬ್ಯಾಂಡುಗಳು ಮೂರು ವರ್ಷಕ್ಕೊಂದು ತಂದರೆ ಹೆಚ್ಚು. ಮೊದಮೊದಲು ಇವರು ತಾಲೀಮು ನಡೆಸುತ್ತಿದ್ದದ್ದು ಡಗ್ ಮನೆಯ ಹಿತ್ತಲಿನ ಶೆಡ್ಡಿನಲ್ಲಿ. ಅದಕ್ಕೆ ಫ್ಯಾಕ್ಟರಿ ಅಂತ ಹೆಸರಿಟ್ಟಿದ್ದರು. ದಿನಾ ಹೋಗೋದು, ನುಡಿಸೋದು, ಮನೆಗೆ ಬರೋದು. ಕೊಲ್ಲಿಯ ಈಚೆ ಹಿಪ್ಪಿಗಳು ಅಮಲಿನಲ್ಲಿ ಒಂದೊಂದು ಹಾಡನ್ನು ಇಪ್ಪತ್ತು ನಿಮಿಷ ಎಳೆಯುತ್ತಿದ್ದ ಕಾಲ ಅದು. ಇವರು ಚೆಕ್ಸ್ ಷರ್ಟ್ ಹಾಕಿಕೊಂಡು ಎರಡೂವರೆ ನಿಮಿಷದಲ್ಲಿ ಕೆಲಸ ಮುಗಿಸುತ್ತಿದ್ದರು. ಕಾರ್ಖಾನೆ ಕೆಲಸಗಾರರ ಥರಾನೇ.

ಈಗ ಡ್ರಾಫ್ಟ್, ಅಂದರೆ ಸೈನ್ಯಕ್ಕೆ ಕಡ್ಡಾಯ ಸೇರ್ಪಡೆ, ಆ ವಿಷಯಕ್ಕೆ ಬರುತ್ತೇನೆ. ಇದು ಗೊತ್ತಿಲ್ಲದಿದ್ದರೆ ಹಾಡಿನ ಸಿಟ್ಟು ಅರ್ಥವಾಗೋದಿಲ್ಲ. ನಮ್ಮಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಯಾರನ್ನೂ ಬಲವಂತವಾಗಿ ಸೈನ್ಯಕ್ಕೆ ಎಳೆದುಕೊಂಡು ಹೋಗಿಲ್ಲ. ಅಮೆರಿಕದಲ್ಲಿ ಆಗ ಹುಡುಗನಿಗೆ 18 ತುಂಬಿದರೆ ಹೆಸರು ಬರೆಸಲೇಬೇಕು. ಊರೂರಿಗೊಂದು ಡ್ರಾಫ್ಟ್ ಬೋರ್ಡ್. ಅಲ್ಲಿ ಊರಿನ ನಾಲ್ಕು ದೊಡ್ಡವರು ಕೂತು ಯಾರನ್ನು ಕಳಿಸಬೇಕು, ಯಾರನ್ನು ಬಿಡಬೇಕು ಅಂತ ನಿರ್ಧರಿಸುತ್ತಿದ್ದರು. ಊರಿನ ನಾಲ್ಕು ದೊಡ್ಡವರು ಅಂದಮೇಲೆ ಉಳಿದದ್ದನ್ನ ನಿಮಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ತಪ್ಪಿಸಿಕೊಳ್ಳೋಕೆ ದಾರಿಗಳು ಇದ್ದವು, ಎಲ್ಲವೂ ಕಾನೂನುಬದ್ಧ. ಕಾಲೇಜಿಗೆ ಸೇರಿದರೆ 2-ಎಸ್ ಅನ್ನೋ ವಿನಾಯಿತಿ, ಓದು ಮುಗಿಯುವವರೆಗೆ ಕರೆಯೋದಿಲ್ಲ. ಮನೆಯ ಡಾಕ್ಟರ್ ಪರಿಚಯ ಇದ್ದರೆ ಬೆನ್ನುನೋವು, ಕಾಲುನೋವು, ಏನಾದರೊಂದಕ್ಕೆ ಒಂದು ಪತ್ರ. ಇನ್ನೊಂದು ದಾರಿ ನ್ಯಾಷನಲ್ ಗಾರ್ಡ್ ಅಥವಾ ರಿಸರ್ವ್. ಸಮವಸ್ತ್ರ ಹಾಕಬೇಕು, ಕೆಲವು ತಿಂಗಳು ತರಬೇತಿ, ಆಮೇಲೆ ವಾರದ ಕೊನೆಗೆ ಹೋಗಿ ಬರೋದು. ಅಧ್ಯಕ್ಷ ಜಾನ್ಸನ್ ರಿಸರ್ವ್ ಪಡೆಗಳನ್ನು ದೊಡ್ಡ ಪ್ರಮಾಣದಲ್ಲಿ ಕರೆಯೋದು ಬೇಡ ಅಂತ ತೀರ್ಮಾನಿಸಿದ್ದರಿಂದ ಅಲ್ಲಿ ಸೇರಿದವನು ವಿಯೆಟ್ನಾಂ ನೋಡುವ ಸಾಧ್ಯತೆ ಕಡಿಮೆ. ಹಾಗಾಗಿ ಅಲ್ಲಿ ಒಂದು ಜಾಗಕ್ಕೆ ಭಾರೀ ನೂಕುನುಗ್ಗಲು.

ಇನ್ನೊಂದು ಕಡೆ, ಇದೇ ಸರ್ಕಾರ 1966ರಲ್ಲಿ ಪ್ರಾಜೆಕ್ಟ್ ಹಂಡ್ರೆಡ್ ಥೌಸಂಡ್ ಅಂತ ಒಂದು ಯೋಜನೆ ತಂದಿತು. ಸೈನ್ಯದ ಪರೀಕ್ಷೆಯಲ್ಲಿ ಮೊದಲು ಫೇಲಾಗುತ್ತಿದ್ದ, ಓದು ಬರಹ ಸರಿಯಾಗಿ ಬಾರದ ಹುಡುಗರನ್ನೂ ತೆಗೆದುಕೊಳ್ಳೋದು. ಬಡವರ ಮಕ್ಕಳಿಗೆ ಅವಕಾಶ ಕೊಡುತ್ತಿದ್ದೇವೆ ಅಂತ ಹೇಳಿಕೊಂಡು 3 ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡರು. ಒಂದು ಬಾಗಿಲಿನಿಂದ ಉಳ್ಳವರ ಮಕ್ಕಳು ಆಚೆ, ಇನ್ನೊಂದು ಬಾಗಿಲಿನಿಂದ ಇಲ್ಲದವರ ಮಕ್ಕಳು ಒಳಗೆ. ಆ ಯುದ್ಧದ ಕಾಲದಲ್ಲಿ ಡ್ರಾಫ್ಟ್ ವಯಸ್ಸಿಗೆ ಬಂದ ಗಂಡಸರು ಸುಮಾರು 2.7 ಕೋಟಿ. ಡ್ರಾಫ್ಟಾಗಿ ಹೋದವರು ಸುಮಾರು 22 ಲಕ್ಷ. ಸತ್ತ ಅಮೆರಿಕನ್ನರು 58 ಸಾವಿರಕ್ಕೂ ಜಾಸ್ತಿ. ಸತ್ತ ವಿಯೆಟ್ನಾಮೀಯರ ಲೆಕ್ಕ ಲಕ್ಷಗಳಲ್ಲಿ ಹೋಗುತ್ತೆ. ಈ ಆಲ್ಬಮ್ಮಿನಲ್ಲಿ ಅವರ ಪ್ರಸ್ತಾಪ ಇಲ್ಲ, ಅದು ಇದರ ಮಿತಿ ಅಂತ ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ.

ಜಾನ್‌ಗೆ ಡ್ರಾಫ್ಟ್ ಕಾಗದ ಬಂದದ್ದು 1966ರಲ್ಲಿ. ಅವನಿಗೆ ಆಗ ಇಪ್ಪತ್ತರ ಆಸುಪಾಸು. ಓಡಿಹೋಗಿ ಆರ್ಮಿ ರಿಸರ್ವ್‌ನಲ್ಲಿ ಒಂದು ಜಾಗ ಗಿಟ್ಟಿಸಿಕೊಂಡ. ಫೋರ್ಟ್ ಬ್ರಾಗ್, ಫೋರ್ಟ್ ನಾಕ್ಸ್ ಅಂತ ಕ್ಯಾಂಪುಗಳಲ್ಲಿ ಬಿಸಿಲಿನಲ್ಲಿ ಕವಾಯತು. ಹೆಜ್ಜೆ ಹಾಕುತ್ತಾ ಹಾಕುತ್ತಾ ತಲೆ ಮಂಕಾಗಿ ಅದರಲ್ಲೇ ಹಾಡು ಹೊಳೆಯುತ್ತಿತ್ತು ಅಂತ ಹೇಳಿಕೊಂಡಿದ್ದಾನೆ. ಡಗ್ ಕೋಸ್ಟ್ ಗಾರ್ಡ್ ರಿಸರ್ವ್ ಸೇರಿದ. 1968ರಲ್ಲಿ ಜಾನ್‌ನ ಬಿಡುಗಡೆ ಪತ್ರ ಬಂತು. ಖುಷಿಗೆ ಮನೆ ಮುಂದಿನ ಹುಲ್ಲಿನ ಮೇಲೆ ಲಾಗ ಹಾಕಿ, ಒಳಗೆ ಬಂದು ಗಿಟಾರ್ ತಗೊಂಡು ಪ್ರೌಡ್ ಮೇರಿ ಬರೆಯೋಕೆ ಕೂತನಂತೆ. ಅವರ ದೊಡ್ಡ ಹಿಟ್‌ಗಳಲ್ಲಿ ಒಂದು ಅದು. ಅದರ ಮೊದಲ ಸಾಲಿನಲ್ಲಿ ಒಬ್ಬ ನೌಕರಿ ಬಿಟ್ಟು ಹೊರಡುತ್ತಾನೆ. ಯಾವ ನೌಕರಿ ಅಂತ ನಮಗೆ ಗೊತ್ತಲ್ಲ.

ಇಲ್ಲಿಗೆ ಬರುವ ಹೊತ್ತಿಗೆ ಮೊದಲ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. ನಮ್ಮ ಬೀದಿಯವರೇ, ಸೈನ್ಯದಿಂದ ಸುಬೇದಾರ್ ಆಗಿ ನಿವೃತ್ತರಾದವರು, ಹಾಸನದ ಕಡೆಯವರು. ‘ಸಾರ್, ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಹಂಗಾದ್ರೆ ನಿಮ್ಮ ಹಾಡುಗಾರ ಯುದ್ಧಕ್ಕೆ ಹೋಗ್ಲೇ ಇಲ್ವಾ?’

‘ಇಲ್ಲ ಸರ್, ಹೋಗಲಿಲ್ಲ.’

‘ಮತ್ತೆ ಅವನೂ ತಪ್ಪಿಸ್ಕೊಂಡವನೇ ಅಲ್ವಾ?’

ಹಾಲ್‌ನಲ್ಲಿ ನಗು. ನಾನೂ ನಕ್ಕೆ. ಆದರೆ ನಾನು ಅವತ್ತು ಹೇಳೋಕೆ ಹೋಗಿದ್ದು ಪೂರ್ತಿ ಇದರ ಮೇಲೇ ನಿಂತಿತ್ತು. ಎರಡು ಹಾಡು ಆದಮೇಲೆ ಉತ್ತರ ಕೊಡುತ್ತೇನೆ ಸರ್ ಅಂದೆ.

ಮೊದಲ ಹಾಡು ಹೇಗೆ ಬಂತು ಅಂದರೆ, 1968ರ ಡಿಸೆಂಬರ್‌ನಲ್ಲಿ ಒಂದು ದೊಡ್ಡ ಮದುವೆ ನಡೆಯಿತು. ಹುಡುಗ ಡೇವಿಡ್, ಮಾಜಿ ಅಧ್ಯಕ್ಷ ಐಸೆನ್‌ಹೋವರ್ ಮೊಮ್ಮಗ. ಹುಡುಗಿ ಜೂಲಿ, ಆಗಷ್ಟೇ ಚುನಾವಣೆ ಗೆದ್ದಿದ್ದ ನಿಕ್ಸನ್ ಮಗಳು. ಪೇಪರಿನ ತುಂಬಾ ಇದೇ ಸುದ್ದಿ. ಇಂಥವರ ಮನೆ ಹುಡುಗರು ಯುದ್ಧಕ್ಕೆ ಹೋಗ್ತಾರಾ ಅನ್ನೋ ಸಿಟ್ಟು ಜಾನ್ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಕುದಿಯಿತು. (ನ್ಯಾಯವಾಗಿ ಹೇಳಬೇಕು: ಡೇವಿಡ್ ಆಮೇಲೆ 1970ರಲ್ಲಿ ನೌಕಾಪಡೆಯ ರಿಸರ್ವ್ ಸೇರಿ ಮೂರು ವರ್ಷ ಇದ್ದ.) ಬ್ಯಾಂಡ್ ಅಷ್ಟರಲ್ಲಿ ಸಂಗೀತ ಕೂಡಿಸಿ ಇಟ್ಟಿತ್ತು, ಮಾತು ಮಾತ್ರ ಇರಲಿಲ್ಲ. ಒಂದು ದಿನ ಜಾನ್ ಹಳದಿ ಹಾಳೆಯ ಪ್ಯಾಡು, ಒಂದು ಸ್ಕೆಚ್ ಪೆನ್ನು ತಗೊಂಡು ಮಲಗುವ ಕೋಣೆಗೆ ಹೋಗಿ ಹಾಸಿಗೆ ಅಂಚಿನಲ್ಲಿ ಕೂತ. ಇಪ್ಪತ್ತು ನಿಮಿಷದಲ್ಲಿ ಹಾಡು ಮುಗಿದಿತ್ತು ಅಂತ ಅವನೇ ಹೇಳುತ್ತಾನೆ.

ಹಾಡಿನಲ್ಲಿ ಮೂರು ಚರಣ. ಒಂದರಲ್ಲಿ ಬಾವುಟ ಬೀಸೋಕೆಂದೇ ಹುಟ್ಟಿದವರು. ಇನ್ನೊಂದರಲ್ಲಿ ಬೆಳ್ಳಿ ಚಮಚ ಹಿಡಿದುಕೊಂಡೇ ಹುಟ್ಟಿದವರು, ತೆರಿಗೆಯವನು ಬಾಗಿಲಿಗೆ ಬಂದ ಕೂಡಲೇ ಅವರ ಮನೆ ಗುಜರಿ ಅಂಗಡಿ ಥರ ಕಾಣುತ್ತಂತೆ. ಮೂರನೆಯದರಲ್ಲಿ ಕಣ್ಣಲ್ಲಿ ನಕ್ಷತ್ರ ತುಂಬಿಕೊಂಡು ಬೇರೆಯವರನ್ನು ಯುದ್ಧಕ್ಕೆ ಕಳಿಸುವವರು, ಎಷ್ಟು ಕೊಡಬೇಕು ಅಂತ ಕೇಳಿದರೆ ಇನ್ನೂ, ಇನ್ನೂ ಅನ್ನುವವರು. ಪ್ರತಿ ಚರಣ ಆದಮೇಲೂ ಅದೇ ಕೂಗು: ಇಟ್ ಏಂಟ್ ಮೀ. ನಾನಲ್ಲ. ನಾನು ಸೆನೆಟರ್ ಮಗನಲ್ಲ, ಕೋಟ್ಯಧಿಪತಿ ಮಗನಲ್ಲ, ಸೈನ್ಯಾಧಿಕಾರಿ ಮಗನಲ್ಲ. ಇದನ್ನು ಅವನು ಹಾಡೋದಿಲ್ಲ, ಗಂಟಲು ಹರಿಯುವ ಹಾಗೆ ಕಿರುಚುತ್ತಾನೆ. ಗಿಟಾರ್ ಮಾತ್ರ ತಣ್ಣಗೆ ತನ್ನ ಕೆಲಸ ಮಾಡಿಕೊಂಡು ಹೋಗುತ್ತಿರುತ್ತೆ. ಎರಡು ನಿಮಿಷ ಇಪ್ಪತ್ತು ಚಿಲ್ಲರೆ ಸೆಕೆಂಡ್, ಅಷ್ಟೇ.

ಈ ಹಾಡು ರೆಕಾರ್ಡಿನ ಎರಡನೇ ಮಗ್ಗುಲಿನ ಮೊದಲ ಹಾಡು. ಅದಾದ ತಕ್ಷಣ ಏನು ಬರುತ್ತೆ? ಇಲ್ಲೇ ನನಗೆ ತುಂಬಾ ವರ್ಷ ತಿಳಿಯದೇ ಹೋಗಿದ್ದು. ನಾನು ಮೊದಲು ಕೇಳಿದ್ದು ಕ್ಯಾಸೆಟ್ಟಿನಲ್ಲಿ, ಆರಿಸಿದ ಹಾಡುಗಳ ಕ್ಯಾಸೆಟ್ಟು. ಅದರಲ್ಲಿ ಎರಡನೆಯ ಹಾಡು ಇರಲೇ ಇಲ್ಲ. ಬಹುಪಾಲು ಜನಕ್ಕೆ ಇವತ್ತಿಗೂ ಗೊತ್ತಿಲ್ಲ.

ಆ ಹಾಡಿನ ಹೆಸರು ಡೋಂಟ್ ಲುಕ್ ನೌ. ಹಳೇ ಕಾಲದ ಕುಣಿಸುವ ಲಯ, ದನಿ ಎತ್ತೋದೇ ಇಲ್ಲ. ಬರೀ ಪ್ರಶ್ನೆಗಳು. ಗಣಿಯಿಂದ ಕಲ್ಲಿದ್ದಲು ತೆಗೆಯೋರು ಯಾರು? ನೆಲದಿಂದ ಉಪ್ಪು ತೆಗೆಯೋರು ಯಾರು? ಹೊಲದಲ್ಲಿ ದುಡಿಯೋರು ಯಾರು, ನೇಗಿಲಿಗೆ ಬೆನ್ನು ಕೊಡೋರು ಯಾರು? ನಿನ್ನ ಕಾಲಿಗೆ ಷೂ ಹೊಲಿಯೋರು, ಮೈಗೆ ಬಟ್ಟೆ ಮಾಡೋರು ಯಾರು? ಪ್ರತಿ ಸಲ ಉತ್ತರ ಒಂದೇ: ಆ ಕಡೆ ನೋಡಬೇಡ, ಅದು ನೀನೂ ಅಲ್ಲ, ನಾನೂ ಅಲ್ಲ.

ಗಮನಿಸಿದಿರಾ? ಮೊದಲ ಹಾಡಿನ ‘ಏಂಟ್’ ಅನ್ನೋ ಅದೇ ಪದ, ಎರಡೇ ನಿಮಿಷದ ಹಿಂದೆ ನಾವು ಮುಷ್ಟಿ ಎತ್ತಿ ಕೂಗಿದ ‘ನಾನಲ್ಲ’, ಈಗ ತಿರುಗಿ ನಮ್ಮ ಕಡೆಗೇ ಬರುತ್ತೆ. ಮೊದಲನೆಯ ‘ನಾನಲ್ಲ’ ಅಂದರೆ, ಅವರಿಗೆ ಸಿಕ್ಕಿದ ಸವಲತ್ತು ನನಗಿಲ್ಲ. ಎರಡನೆಯ ‘ನಾನಲ್ಲ’ ಅಂದರೆ, ಕಷ್ಟದ ಕೆಲಸ ಮಾಡೋನು ನಾನಲ್ಲ, ನನ್ನ ಪಾಲಿನದನ್ನು ಇನ್ಯಾರೋ ಮಾಡುತ್ತಿದ್ದಾರೆ. ಆ ಕಾಲದ ಪ್ರತಿಭಟನೆಕಾರರಲ್ಲಿ ಬಹಳ ಜನ ಕಾಲೇಜು ಹುಡುಗರು, 2-ಎಸ್ ಚೀಟಿ ಜೇಬಿನಲ್ಲಿಟ್ಟುಕೊಂಡವರು. ಸಿಸಿಆರ್ ರೆಕಾರ್ಡು ಕೊಂಡು ಕೇಳುತ್ತಿದ್ದವರೂ ಅವರೇ. ಅವರಿಗೆ ಬೇಕಾದ ಹಾಡು ಕೊಟ್ಟು, ಅದರ ಬೆನ್ನಿಗೇ ಈ ಬಿಲ್ಲನ್ನೂ ಕೈಗಿಟ್ಟಿದ್ದಾನೆ ಜಾನ್. ಬೇಕೆಂದೇ ಈ ಕ್ರಮದಲ್ಲಿ ಜೋಡಿಸಿದ್ದಾನೆ ಅಂತ ನನ್ನ ನಂಬಿಕೆ. ಎಲ್ಲವನ್ನೂ ತಾನೇ ನಿರ್ಧರಿಸುತ್ತಿದ್ದ ಮನುಷ್ಯ ಅವನು.

ಸುಬೇದಾರರಿಗೆ ಕೊಟ್ಟ ಉತ್ತರ ಇದೇ. ಹೌದು ಸರ್, ಅವನೂ ತಪ್ಪಿಸಿಕೊಂಡವನೇ. ಸೆನೆಟರ್ ಮಗನಲ್ಲ, ಆದರೆ ವಿಯೆಟ್ನಾಂಗೂ ಹೋಗಲಿಲ್ಲ. ರಿಸರ್ವ್‌ನಲ್ಲಿ ಅವನಿಗೆ ಸಿಕ್ಕಿದ ಜಾಗದ ಬದಲು ಇನ್ನೊಬ್ಬ ಹುಡುಗ ಡ್ರಾಫ್ಟ್ ಬೋರ್ಡಿನ ಲೆಕ್ಕ ತುಂಬಿಸಿರಬೇಕು. ಅವನು ನಡುವೆ ನಿಂತವನು. ಅದಕ್ಕೇ ಒಂದೇ ಹಾಡು ಬರೆದು ಸುಮ್ಮನಾಗೋಕೆ ಅವನಿಗೆ ಆಗಲಿಲ್ಲ, ಎರಡು ಬೇಕಾಯಿತು. ಸುಬೇದಾರರು ತಲೆ ಆಡಿಸಿದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಇನ್ನು ಆಲ್ಬಮ್ಮಿನ ಕವರ್. ಇದನ್ನು ಪರದೆ ಮೇಲೆ ದೊಡ್ಡದಾಗಿ ತೋರಿಸಿದೆ. ಬೀದಿ ಮೂಲೆಯ ಒಂದು ದಿನಸಿ ಅಂಗಡಿ, ಮೇಲೆ ಡಕ್ ಕೀ ಮಾರ್ಕೆಟ್ ಅಂತ ಬೋರ್ಡ್. ಮುಂದೆ ನಾಲ್ವರೂ ನಿಂತು ನುಡಿಸುತ್ತಿದ್ದಾರೆ. ಡಗ್ ಕೈಯಲ್ಲಿ ಬಟ್ಟೆ ಉಜ್ಜುವ ಹಲಗೆ. ಸ್ಟೂ ಹತ್ತಿರ ಬೋರಲು ಹಾಕಿದ ಟಬ್ಬಿಗೆ ಒಂದು ಕೋಲು, ಒಂದು ದಾರ ಕಟ್ಟಿ ಮಾಡಿದ ಬೇಸ್. ಟಾಮ್ ಗಿಟಾರ್, ಜಾನ್ ಬಾಯಿಗೆ ಹಾರ್ಮೋನಿಕಾ. ಸುತ್ತ ಆ ಬೀದಿಯ ಮಕ್ಕಳು ನಿಂತು ನೋಡುತ್ತಿದ್ದಾರೆ. ಆಲ್ಬಮ್ಮಿನ ಮೊದಲ ಹಾಡು ಡೌನ್ ಆನ್ ದ ಕಾರ್ನರ್, ಅದೇ ಇದು: ಸಂಜೆ ಹೊತ್ತು ಬೀದಿ ಮೂಲೆಯಲ್ಲಿ ವಿಲ್ಲಿ ಮತ್ತು ಬಡ ಹುಡುಗರು ನುಡಿಸುತ್ತಾರೆ, ಕೇಳೋಕೆ ಕಾಸು ಬೇಕಿಲ್ಲ, ಇದ್ದರೆ ಒಂದು ಬಿಡಿಗಾಸು ಹಾಕಿ ಅಂತ. ಮಗು ಕೂಡ ಕುಣಿಯುವಂಥ ಹಾಡು.

ಆ ಅಂಗಡಿ ಇದ್ದದ್ದು ಓಕ್‌ಲ್ಯಾಂಡ್ ಊರಿನ ಪಶ್ಚಿಮ ಭಾಗದಲ್ಲಿ. ಹೆಚ್ಚಾಗಿ ಕಪ್ಪು ಜನರ, ಕೂಲಿಕಾರರ ಬಡಾವಣೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಕೊಲ್ಲಿಯ ದಡದಲ್ಲಿ, ಓಕ್‌ಲ್ಯಾಂಡ್ ಆರ್ಮಿ ಬೇಸ್. ವಿಯೆಟ್ನಾಂಗೆ ಹೋಗುವ ಸಾಮಾನು ಅಲ್ಲಿಂದ ಹಡಗು ಹತ್ತುತ್ತಿತ್ತು. ಸಾವಿರಾರು ಹುಡುಗರು ಅಲ್ಲಿಗೆ ಬಂದು, ಹೊಸ ಬಟ್ಟೆ ಬೂಟು ತಗೊಂಡು, ವಿಮಾನಕ್ಕೆ ಕಾದು ಹೋಗುತ್ತಿದ್ದರು. ಇದು ಗೊತ್ತಾದ ಮೇಲೆ ಆ ಕವರ್ ಚಿತ್ರವನ್ನು ನಾನು ಮೊದಲಿನ ಹಾಗೆ ನೋಡೋಕೆ ಆಗಿಲ್ಲ. ನುಡಿಸುತ್ತಿರುವ ಬಡ ಹುಡುಗರು ನಿಜವಾಗಿ ಬಡವರಲ್ಲ, ವೇಷ ಹಾಕಿದ ರಾಕ್ ಸ್ಟಾರುಗಳು. ನಿಂತು ನೋಡುತ್ತಿರುವ ಮಕ್ಕಳದು ವೇಷವಲ್ಲ.

ಇನ್ನೊಂದು ವಿಷಯ: ಡೌನ್ ಆನ್ ದ ಕಾರ್ನರ್ ಮತ್ತು ಫಾರ್ಚುನೇಟ್ ಸನ್ ಎರಡೂ ಒಂದೇ ಸಿಂಗಲ್ ರೆಕಾರ್ಡಿನ ಎರಡು ಮಗ್ಗುಲಾಗಿ ಬಂದವು. ಒಂದು ಕಡೆ ಕುಣಿತ, ತಿರುಗಿಸಿದರೆ ಕಿರುಚಾಟ. ಎರಡೂ ಹಿಟ್ ಆದವು.

ಉಳಿದ ಹಾಡುಗಳನ್ನು ಬೇಗ ಮುಗಿಸುತ್ತೇನೆ. ಇಟ್ ಕೇಮ್ ಔಟ್ ಆಫ್ ದ ಸ್ಕೈ ತಮಾಷೆಯ ಹಾಡು. ಇಲಿನಾಯ್‌ನ ರೈತನೊಬ್ಬನ ಹೊಲಕ್ಕೆ ಆಕಾಶದಿಂದ ಏನೋ ಬೀಳುತ್ತೆ, ಅವನು ಟ್ರ್ಯಾಕ್ಟರಿಂದ ಉರುಳುತ್ತಾನೆ. ಉಪಾಧ್ಯಕ್ಷ ಆಗ್ನ್ಯೂ ಬಂದು ಹೊಸ ತೆರಿಗೆ ಅನ್ನುತ್ತಾನೆ, ವ್ಯಾಟಿಕನ್‌ನವರು ದೇವರು ಬಂದ ಅನ್ನುತ್ತಾರೆ, ರೋನಿ ಅನ್ನೋನು ಕಮ್ಯುನಿಸ್ಟರ ಸಂಚು ಅನ್ನುತ್ತಾನೆ. ರೋನಿ ಅಂದರೆ ಆಗ ಕ್ಯಾಲಿಫೋರ್ನಿಯಾ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್. ಅದೇ ವರ್ಷ ಮೇ ತಿಂಗಳಲ್ಲಿ, ಇವರ ಊರಿನ ಪಕ್ಕದ ಬರ್ಕ್‌ಲಿಯಲ್ಲಿ, ವಿದ್ಯಾರ್ಥಿಗಳ ಮೇಲೆ ನ್ಯಾಷನಲ್ ಗಾರ್ಡ್ ಬಿಟ್ಟವನು. ಹೆಲಿಕಾಪ್ಟರಿನಿಂದ ಅಶ್ರುವಾಯು ಸುರಿಸಿದ್ದೂ ಆಗಲೇ. ಹಾಗೆ ನೋಡಿದರೆ ನಮ್ಮ ಹಿಂದಿನ ಸಾಲಿನವರು ಹೇಳಿದ ಹೆಲಿಕಾಪ್ಟರ್ ಪೂರ್ತಿ ತಪ್ಪಲ್ಲ, ವಿಯೆಟ್ನಾಂನದಲ್ಲ ಅಷ್ಟೇ. ಲೆಡ್ ಬೆಲ್ಲಿ ಎಂಬ ಹಳೆಯ ಕಪ್ಪು ಹಾಡುಗಾರನಿಂದ ಪ್ರಸಿದ್ಧವಾದ ಎರಡು ಹಾಡುಗಳಿವೆ, ಒಂದು ಹತ್ತಿ ಹೊಲದ್ದು, ಒಂದು ಜೈಲಿನದು. ಜೈಲಿನ ಪಕ್ಕ ಹಾದುಹೋಗುವ ರಾತ್ರಿ ರೈಲಿನ ಬೆಳಕು ಯಾರ ಮೇಲೆ ಬೀಳುತ್ತೋ ಅವನಿಗೆ ಬಿಡುಗಡೆ ಅನ್ನೋ ನಂಬಿಕೆಯ ಸುತ್ತ ಇರುವ ಹಾಡು ಅದು. ಬರೀ ವಾದ್ಯದ ತುಂಡುಗಳು ಎರಡಿವೆ, ಜಾಗ ತುಂಬಿಸೋಕೆ. ಫೀಲಿನ್ ಬ್ಲೂ ನನಗೆ ಉದ್ದವಾಯಿತು ಅನ್ನಿಸುತ್ತೆ, ಅಭಿಮಾನಿಗಳು ಬೈಯಲಿ.

ಕೊನೆಯ ಹಾಡು ಎಫಿಜಿ. ಪ್ರತಿಕೃತಿ ದಹನ ಅಂತ ನಮ್ಮ ಪೇಪರಿನವರು ಬರೀತಾರಲ್ಲ, ಆ ಪ್ರತಿಕೃತಿ. ಆರು ನಿಮಿಷಕ್ಕೂ ಉದ್ದ, ನಿಧಾನ, ಭಾರ. ಅರಮನೆಯ ಹುಲ್ಲುಹಾಸಿನ ಮೇಲೆ ಬೆಂಕಿ ಕಾಣುತ್ತೆ, ಬಾಗಿಲವರೆಗೆ ಬರುತ್ತೆ, ಆಮೇಲೆ ಹಳ್ಳಿಗಾಡಿಗೂ ಹಬ್ಬುತ್ತೆ. ಅಧ್ಯಕ್ಷ ನಿಕ್ಸನ್ ಯುದ್ಧ ಬೇಡ ಅಂದವರನ್ನು ತಿರುಗಿಯೂ ನೋಡದ ಆ ಧೋರಣೆಯಿಂದ ಹುಟ್ಟಿದ ಹಾಡು ಅಂತ ಜಾನ್ ಹೇಳಿದ್ದಾನೆ. ಇದರಲ್ಲಿ ಒಂದು ಸಾಲಿದೆ: ಮೌನ ಬಹುಸಂಖ್ಯಾತರು ಇನ್ನು ಸುಮ್ಮನಿರಲಿಲ್ಲ ಅಂತ. ಸೈಲೆಂಟ್ ಮೆಜಾರಿಟಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ನಿಕ್ಸನ್‌ನ ಟೀವಿ ಭಾಷಣ, ಬೀದಿಗೆ ಬರದ ಮೌನ ಬಹುಸಂಖ್ಯಾತರು ನನ್ನ ಜೊತೆಗಿರಿ ಅಂತ ಕೇಳಿಕೊಂಡದ್ದು. ಆ ಭಾಷಣ ನಡೆದದ್ದು 1969ರ ನವೆಂಬರ್ 3ರಂದು. ಹಾಡು ಅಷ್ಟರಲ್ಲಿ ಮುದ್ರಣವಾಗಿ ಬಂದಾಗಿತ್ತು! ಪವಾಡವೇನಲ್ಲ, ಆಗ್ನ್ಯೂ ಆ ಮಾತನ್ನು ಮೇ ತಿಂಗಳಲ್ಲೇ ಬಳಸಿದ್ದ. ಆದರೂ ಅಧ್ಯಕ್ಷ ಆ ಪದವನ್ನು ಪ್ರಸಿದ್ಧ ಮಾಡುವ ಮೊದಲೇ ಒಬ್ಬ ಹಾಡುಗಾರ ಅದನ್ನು ಕಸಿದುಕೊಂಡು, ಮೌನಿಗಳ ಕೈಗೇ ಬೆಂಕಿ ಕೊಟ್ಟಿದ್ದ.

ಆ ಕೆಲವು ವಾರಗಳ ಕ್ಯಾಲೆಂಡರ್ ನೋಡಿ. ಅಕ್ಟೋಬರ್ 15ಕ್ಕೆ ದೇಶದ ತುಂಬಾ ಯುದ್ಧವಿರೋಧಿ ಮುಷ್ಕರ. ನವೆಂಬರ್ 3ಕ್ಕೆ ನಿಕ್ಸನ್ ಭಾಷಣ. ಅದೇ ತಿಂಗಳ ನಡುವೆ, ಅಮೆರಿಕದ ಸೈನಿಕರು ಮೈ ಲಾಯ್ ಹಳ್ಳಿಯಲ್ಲಿ ನೂರಾರು ಜನರನ್ನು, ಮಕ್ಕಳು ಮುದುಕರು ಅನ್ನದೆ ಕೊಂದಿದ್ದ ಸುದ್ದಿ, ಒಂದೂವರೆ ವರ್ಷ ಮುಚ್ಚಿಟ್ಟಿದ್ದು, ಪೇಪರಿಗೆ ಬಂತು. ನವೆಂಬರ್ 15ಕ್ಕೆ ವಾಷಿಂಗ್ಟನ್‌ನಲ್ಲಿ ಲಕ್ಷಾಂತರ ಜನರ ಮೆರವಣಿಗೆ. ಮಾರನೇ ದಿನ, 16ಕ್ಕೆ, ಭಾನುವಾರ ರಾತ್ರಿ, ಇಡೀ ಅಮೆರಿಕ ಊಟ ಮಾಡಿ ಕೂತು ನೋಡುತ್ತಿದ್ದ ಎಡ್ ಸಲಿವನ್ ಟೀವಿ ಕಾರ್ಯಕ್ರಮದಲ್ಲಿ ಸಿಸಿಆರ್ ಬಂದು ಇವೇ ಎರಡು ಹಾಡು ಹಾಡಿದರು, ಡೌನ್ ಆನ್ ದ ಕಾರ್ನರ್ ಮತ್ತು ಫಾರ್ಚುನೇಟ್ ಸನ್.

ಡಿಸೆಂಬರ್ 1ಕ್ಕೆ ಟೀವಿಯಲ್ಲಿ ಇನ್ನೊಂದು ಕಾರ್ಯಕ್ರಮ. ಡ್ರಾಫ್ಟಿನಲ್ಲಿ ಪಕ್ಷಪಾತ ಅನ್ನೋ ಗಲಾಟೆ ಜಾಸ್ತಿಯಾಗಿ ಸರ್ಕಾರ ಲಾಟರಿ ತಂದಿತ್ತು. ಒಂದು ಗಾಜಿನ ಪಾತ್ರೆ, ಅದರಲ್ಲಿ 366 ನೀಲಿ ಪ್ಲಾಸ್ಟಿಕ್ ಗುಳಿಗೆಗಳು, ಒಂದೊಂದರಲ್ಲೂ ವರ್ಷದ ಒಂದು ತಾರೀಖು. ನಮ್ಮಲ್ಲಿ ಚೀಟಿ ಎತ್ತೋ ಹಾಗೆ. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದ ಹುಡುಗರು ಮೊದಲು ಹೊರಡಬೇಕು. ಆಮೇಲೆ ಲೆಕ್ಕ ಬಲ್ಲವರು ನೋಡಿ, ಗುಳಿಗೆಗಳನ್ನು ಸರಿಯಾಗಿ ಕಲಸಿಯೇ ಇಲ್ಲ, ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗೆ ಅನ್ಯಾಯವಾಗಿದೆ ಅಂದರು. ನ್ಯಾಯ ಮಾಡೋಕೆ ಅಂತ ತಂದ ಪಾತ್ರೆಯನ್ನೂ ನೆಟ್ಟಗೆ ಅಲ್ಲಾಡಿಸಿರಲಿಲ್ಲ.

ಬ್ಯಾಂಡ್ ಬಹಳ ಕಾಲ ಉಳಿಯಲಿಲ್ಲ. ಎಲ್ಲವೂ ನನ್ನ ಮಾತಿನ ಹಾಗೇ ನಡೀಬೇಕು ಅನ್ನೋ ಜಾನ್, ಬೇಸತ್ತ ಉಳಿದ ಮೂವರು. ಟಾಮ್ 1971ರಲ್ಲಿ ಬಿಟ್ಟ, 1972ಕ್ಕೆ ಎಲ್ಲ ಮುಗಿಯಿತು. ಹಾಡುಗಳ ಹಕ್ಕು ರೆಕಾರ್ಡ್ ಕಂಪನಿಯ ಕೈಯಲ್ಲಿ ಉಳಿಯಿತು. ಆ ಜಗಳದ ಕಥೆಗೆ ಇನ್ನೊಂದು ಭಾನುವಾರ ಬೇಕು. ಒಂದು ಹಂತದಲ್ಲಿ ಜಾನ್‌ನ ಹೊಸ ಹಾಡು ಜಾನ್‌ನದೇ ಹಳೇ ಹಾಡಿನ ನಕಲು ಅಂತ ಕಂಪನಿ ಕೋರ್ಟಿಗೆ ಹೋಯಿತು ಅಂದರೆ ಅಂದಾಜು ಮಾಡಿ. ಅವನು ಗಿಟಾರ್ ಹಿಡಿದು ಸಾಕ್ಷಿ ಕಟ್ಟೆ ಹತ್ತಿ, ಗೆದ್ದ.

ಹಕ್ಕು ಕೈತಪ್ಪಿದ್ದರಿಂದ ಫಾರ್ಚುನೇಟ್ ಸನ್‌ಗೆ ಒಂದು ವಿಚಿತ್ರ ಗತಿ ಬಂತು. ಒಂದು ಜೀನ್ಸ್ ಜಾಹೀರಾತಿನಲ್ಲಿ ಬಾವುಟದ ಸಾಲುಗಳನ್ನು ಮಾತ್ರ ಕತ್ತರಿಸಿ ಹಾಕಿದರು, ‘ನಾನಲ್ಲ’ ಬಿಟ್ಟರು. ಅರ್ಧ ವಾಕ್ಯದಲ್ಲಿ ನಿಲ್ಲಿಸಿದರೆ ದೇಶಭಕ್ತಿ ಗೀತೆ! 2020ರಲ್ಲಿ ಡೊನಾಲ್ಡ್ ಟ್ರಂಪ್ ಚುನಾವಣಾ ಸಭೆಗಳಲ್ಲಿ ಇದನ್ನೇ ಹಾಕಿದರು. ಕೋಟ್ಯಧಿಪತಿಯ ಮಗ, ವಿಯೆಟ್ನಾಂ ಕಾಲದಲ್ಲಿ ಐದು ಸಲ ವಿನಾಯಿತಿ ಪಡೆದವರು, ಕೊನೆಯದು ಹಿಮ್ಮಡಿಯ ಮೂಳೆಯ ತೊಂದರೆ ಅಂತ. ಜಾನ್ ಮೊದಲು ಬೆಕ್ಕಸ ಬೆರಗಾಗಿ, ಆಮೇಲೆ ವಕೀಲರ ಕಡೆಯಿಂದ ನಿಲ್ಲಿಸಿ ಅಂತ ನೋಟಿಸ್ ಕಳಿಸಿದ. 2023ರಲ್ಲಿ, 77ನೇ ವಯಸ್ಸಿನಲ್ಲಿ, ತನ್ನ ಹಾಡುಗಳ ಹಕ್ಕಿನ ದೊಡ್ಡ ಪಾಲನ್ನು ಕೊನೆಗೂ ತಾನೇ ಕೊಂಡುಕೊಂಡ.

ಜಗಳ ಜೋರಾಗಿದ್ದಾಗ ಅವನು ವರ್ಷಗಟ್ಟಲೆ ಹಳೇ ಹಾಡುಗಳನ್ನು ವೇದಿಕೆ ಮೇಲೆ ಹಾಡಿಯೇ ಇರಲಿಲ್ಲ. ಹಾಡಿದರೆ ದುಡ್ಡು ಕಂಪನಿಗೆ ಹೋಗುತ್ತೆ ಅನ್ನೋ ಹಟ. ಆ ಹಟ ಬಿಟ್ಟು ದೊಡ್ಡ ವೇದಿಕೆಯಲ್ಲಿ ಮತ್ತೆ ಅವನ್ನು ಹಾಡಿದ್ದು 1987ರ ಜುಲೈ 4ಕ್ಕೆ, ವಾಷಿಂಗ್ಟನ್ ಹತ್ತಿರ. ಕಾರ್ಯಕ್ರಮ ವಿಯೆಟ್ನಾಂನಿಂದ ಮರಳಿ ಬಂದ ಸೈನಿಕರಿಗಾಗಿ. ಎದುರಿಗೆ ಕೂತವರು, ಅವನು ಹೋಗದ ಜಾಗಕ್ಕೆ ಹೋಗಿ ಬಂದವರು. ಕಾಡಿನ ಕ್ಯಾಂಪುಗಳಲ್ಲಿ ರೇಡಿಯೋ, ಟೇಪಿನಲ್ಲಿ ಇವೇ ಹಾಡು ಕೇಳುತ್ತಿದ್ದವರು.

ಇಷ್ಟು ಹೇಳುವಾಗಲೇ ಹಾಲ್ ಬಾಗಿಲಲ್ಲಿ ಗದ್ದಲ. ಮಧ್ಯಾಹ್ನಕ್ಕೆ ಅಲ್ಲೊಂದು ನಾಮಕರಣ ಇತ್ತು. ಅಡುಗೆಯವರು ಸಾರಿನ ಹಂಡೆ ಹೊತ್ತುಕೊಂಡು ನಿಂತಿದ್ದರು. ಎಫಿಜಿ ಪೂರ್ತಿ ಕೇಳಿಸೋಕೆ ಆಗಲಿಲ್ಲ. ಗಿಟಾರ್ ಸುರುಳಿ ಸುತ್ತೋಕೆ ಶುರುವಾದಾಗ ಹಂಡೆ ಒಳಗೆ ಬಂತು, ಹಾಡು ನಡೆಯುತ್ತಿರುವಂತೆಯೇ ನಾವು ಕುರ್ಚಿ ಮಡಚಿದೆವು. ಸುಬೇದಾರರು ಹೊರಡುವ ಮೊದಲು ನನ್ನ ಹತ್ತಿರ ಬಂದು ಜೇಬಿನ ಡೈರಿಯ ಹಾಳೆ ತಿರುಗಿಸಿ ಪೆನ್ನು ಕೊಟ್ಟರು. ‘ಹೆಸರು ಬರ್ಕೊಡಿ ಸಾರ್, ಮೊಮ್ಮಗನ ಹತ್ರ ಹಾಕಿಸ್ಕೊಂಡು ಕೇಳ್ತೀನಿ.’ ನಾನು ಫಾರ್ಚುನೇಟ್ ಸನ್ ಅಂತ ಬರೆಯೋಕೆ ಹೋದೆ.

‘ಅದಲ್ಲ, ಅದು ಗೊತ್ತಾಯ್ತು. ಆ ಷೂ ಹೊಲಿಯೋರು ಯಾರು ಅಂತ ಕೇಳ್ತಾನಲ್ಲ, ಅದು.’